ಆತ್ಮಹತ್ಯೆ ತಡೆಗೆ ಕೇಂದ್ರ ಸರ್ಕಾರದ ಯೋಜನೆ: ದಾವಣಗೆರೆ, ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಒಂದು ಮಾತು. ಓದುತ್ತಿರುವ ನಿಮಗೇ ಈಗ ಜೀವ ಸಾಕಾಗಿದೆ ಅನ್ನಿಸುತ್ತಿದ್ದರೆ ಇದನ್ನು ಆಮೇಲೆ ಓದಿ. ಈಗ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹೋಗಲ್ಲ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಇದ್ದರೆ ಎದ್ದು ಹೋಗಿ ಅವರ ಹತ್ತಿರ ಕೂತುಕೊಳ್ಳಿ.

ನಾನು ಡಾಕ್ಟರಲ್ಲ. ದಾವಣಗೆರೆಯಲ್ಲಿ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ಈಗ ಕೆಲವು ವರ್ಷಗಳಿಂದ ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಸ್ತ್ರೀಶಕ್ತಿ ಸಂಘಗಳಲ್ಲಿ, ಪಿಯು ಕಾಲೇಜುಗಳಲ್ಲಿ ಈ ವಿಷಯ ಮಾತಾಡಲು ಹೋಗುತ್ತೇನೆ. ಎಲ್ಲಿ ಹೋದರೂ ಅವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟೆ.

ದೆಹಲಿಯವರು ಇದಕ್ಕೂ ಒಂದು ಯೋಜನೆ ಮಾಡಿದ್ದಾರಾ?

ಮಾಡಿದ್ದಾರೆ. 2022ರ ನವೆಂಬರ್ 21ರಂದು ಕೇಂದ್ರ ಆರೋಗ್ಯ ಸಚಿವಾಲಯ ‘ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ’ ಹೊರತಂದಿತು. ಈ ಒಂದೇ ವಿಷಯಕ್ಕೆ ಅಂತ ದೇಶದ ಮಟ್ಟದಲ್ಲಿ ಬಂದ ಮೊದಲ ಯೋಜನೆ ಇದು. 2030ರೊಳಗೆ ಆತ್ಮಹತ್ಯೆ ಸಾವುಗಳನ್ನು ಶೇ. 10ರಷ್ಟು ಇಳಿಸಬೇಕು ಅನ್ನೋದು ಗುರಿ.

ಶೇ. 10 ಅಂದರೆ ಬಹಳ ಕಡಿಮೆ ಆಯಿತಲ್ವಾ ಅಂತ ಹರಿಹರದಲ್ಲಿ ಒಬ್ಬ ಹುಡುಗಿ ಕೇಳಿದಳು. ಅವಳು ಕೇಳಿದ್ದು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆ ಅದೇ 2030ಕ್ಕೆ ಇಟ್ಟುಕೊಂಡಿರುವ ಗುರಿ ಮೂರರಲ್ಲಿ ಒಂದು ಪಾಲು ಇಳಿಸುವುದು. ಆದರೂ ನಮ್ಮ ಲೆಕ್ಕ ನೋಡಿ. 2022ರಲ್ಲಿ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅದರಲ್ಲಿ ಹತ್ತರಲ್ಲಿ ಒಂದು ತಪ್ಪಿದರೂ ವರ್ಷಕ್ಕೆ ಹದಿನೇಳು ಸಾವಿರ ಜನ ಉಳಿಯುತ್ತಾರೆ. ನಮ್ಮ ಎಷ್ಟೋ ಹೋಬಳಿ ಊರುಗಳಲ್ಲಿ ಅಷ್ಟು ಜನ ಇಲ್ಲ.

ಅದರಲ್ಲಿ ಏನೇನು ಮಾಡ್ತೀವಿ ಅಂದಿದ್ದಾರೆ?

ಮಾತು ಬಹಳ ಇದೆ, ಆದರೆ ಗಡುವು ಹಾಕಿಕೊಂಡಿರುವುದು ಮೂರಕ್ಕೆ. ಮೂರು ವರ್ಷದೊಳಗೆ ಆತ್ಮಹತ್ಯೆ ಮತ್ತು ಪ್ರಯತ್ನಗಳ ಲೆಕ್ಕವನ್ನು ಸರಿಯಾಗಿ ಇಡುವ ವ್ಯವಸ್ಥೆ. ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲೂ ಆತ್ಮಹತ್ಯೆ ತಡೆ ಸೇವೆ ಇರುವ ಮಾನಸಿಕ ಹೊರರೋಗಿ ವಿಭಾಗ. ಎಂಟು ವರ್ಷದೊಳಗೆ ಎಲ್ಲ ಶಾಲೆ ಕಾಲೇಜುಗಳಲ್ಲಿ ಮನಸ್ಸಿನ ಆರೋಗ್ಯದ ಪಾಠ.

2022ಕ್ಕೆ ಮೂರು, ಐದು, ಎಂಟು ಕೂಡಿಸಿ. 2025, 2027, 2030. ಮೊದಲನೆಯದರ ಗಡುವು ಆಗಲೇ ದಾಟಿದೆ. ನಮ್ಮ ಊರಿನ ಆಸ್ಪತ್ರೆಗೆ ಸಂಬಂಧಪಟ್ಟಿದ್ದು ಎರಡನೆಯದು, ಅದಕ್ಕೆ 2027. ಈ ಇಸವಿಗಳನ್ನು ಬರೆದಿಟ್ಟುಕೊಳ್ಳಿ, ಕೊನೆಯ ಪ್ರಶ್ನೆಗೆ ಬೇಕಾಗುತ್ತವೆ.

ಇದು ಕಾನೂನಾ? ಮಾಡದಿದ್ದರೆ ಯಾರನ್ನ ಕೇಳೋದು?

ಕಾರ್ಯತಂತ್ರ ಕಾನೂನಲ್ಲ. ಪಾಲಿಸಲಿಲ್ಲ ಅಂತ ಯಾರಿಗೂ ದಂಡ ಬೀಳಲ್ಲ. ಆದರೆ ಅದರ ಹಿಂದೆ ಒಂದು ಕಾನೂನು ಇದೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ದೇಶದಲ್ಲಿ ಆತ್ಮಹತ್ಯೆ ತಗ್ಗಿಸುವ ಕಾರ್ಯಕ್ರಮಗಳನ್ನು ರೂಪಿಸಿ ನಡೆಸುವುದು ಸರ್ಕಾರದ ಕರ್ತವ್ಯ ಅಂತ ಅದರ 29ನೇ ಕಲಮು ಹೇಳುತ್ತದೆ. ಸರ್ಕಾರ ನಡೆಸುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಅನ್ನೋದು 18ನೇ ಕಲಮಿನಲ್ಲಿದೆ. ಹಾಗಾಗಿ ಆಸ್ಪತ್ರೆಯಲ್ಲಿ ಕೇಳುವಾಗ ಕೈ ಮುಗಿದು ಬೇಡಿಕೊಳ್ಳಬೇಕಾಗಿಲ್ಲ.

ಪ್ರಯತ್ನ ಮಾಡಿ ಉಳಿದವರ ಮೇಲೆ ಪೊಲೀಸ್ ಕೇಸ್ ಆಗುತ್ತಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಈ ಭಯದಿಂದಲೇ ಜನ ಆಸ್ಪತ್ರೆಗೆ ಕರೆದೊಯ್ಯಲು ತಡ ಮಾಡುತ್ತಾರೆ. ಇಲ್ಲವೆಂದರೆ ಡಾಕ್ಟರ ಹತ್ತಿರ ಸುಳ್ಳು ಹೇಳುತ್ತಾರೆ, ‘ಮರೆತು ಕುಡಿದುಬಿಟ್ಟ ಸಾರ್’ ಅಂತ.

ಹಿಂದೆ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಇದು ಅಪರಾಧವಾಗಿತ್ತು. 2017ರ ಕಾಯ್ದೆಯ 115ನೇ ಕಲಮು ಅದರ ಹಲ್ಲು ಕಿತ್ತಿತು. ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ವಿಚಾರಣೆ, ಶಿಕ್ಷೆ ಕೂಡದು ಅಂದಿತು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ ಅಂತಲೂ ಸೇರಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ಹಳೆಯ 309 ಇಲ್ಲವೇ ಇಲ್ಲ. ಉಳಿದಿರುವುದು 226. ಸರ್ಕಾರಿ ನೌಕರರು ತಮ್ಮ ಕೆಲಸ ಮಾಡುವಂತೆಯೋ ಮಾಡದಂತೆಯೋ ಅವರ ಮೇಲೆ ಒತ್ತಡ ಹೇರಲು ಯಾರಾದರೂ ಆತ್ಮಹತ್ಯೆ ಪ್ರಯತ್ನ ಮಾಡಿದರೆ ಮಾತ್ರ ಅದು ಅನ್ವಯ. ಮನೆಯೊಳಗಿನ ಸಂಕಟಕ್ಕೆ ಅದು ಬರಲ್ಲ.

ಹಾಗಂತ ಪೊಲೀಸರು ಬರುವುದೇ ಇಲ್ಲ ಅಂತಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ದಾಖಲೆ ಬರೆಯುತ್ತಾರೆ, ಠಾಣೆಗೆ ತಿಳಿಸುತ್ತಾರೆ, ಒಬ್ಬರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಬೇರೆ ಯಾರಾದರೂ ಹಿಂಸೆ ಕೊಟ್ಟರಾ ಅಂತ ನೋಡಬೇಕಲ್ಲ. ಅದು ಉಳಿದವರ ಮೇಲೆ ಹಾಕುವ ಕೇಸಲ್ಲ. ಇನ್ನೊಂದು ಮಾತು: ಪೊಲೀಸರು ಬರಲಿ, ಆಮೇಲೆ ನೋಡೋಣ ಅಂತ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿದೆ. 108ಕ್ಕೆ ಫೋನ್ ಮಾಡಿ, ಏನು ನಡೆಯಿತೋ ಅದನ್ನೇ ಡಾಕ್ಟರಿಗೆ ಹೇಳಿ. ನಿಜ ಗೊತ್ತಾದರೆ ತಾನೇ ಅವರು ಸರಿಯಾದ ಚಿಕಿತ್ಸೆ ಕೊಡೋದು?

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕಾ?

ಬೇಡ. ನಿಮ್ಹಾನ್ಸ್ ಅಂದ ಕೂಡಲೇ ಬಸ್ ಚಾರ್ಜು, ಅಲ್ಲಿ ಉಳಿಯೋ ಜಾಗ ಎಲ್ಲ ಲೆಕ್ಕ ಹಾಕಿ ಜನ ಸುಮ್ಮನಾಗುತ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಚಿತ್ರದುರ್ಗದಲ್ಲಿ ಅಲ್ಲಿಯ ಜಿಲ್ಲಾಸ್ಪತ್ರೆ. ಅಲ್ಲಿಂದ ಮುಂದಕ್ಕೆ ಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಕೇಂದ್ರದ ಕಾರ್ಯತಂತ್ರ ನಿಂತಿರುವುದೇ ಇದರ ಹೆಗಲ ಮೇಲೆ. ಇದು ಎಲ್ಲಿಂದ ಬಂತು ಗೊತ್ತಾ? ಪಕ್ಕದ ಬಳ್ಳಾರಿಯಿಂದ. ಮನೋವೈದ್ಯರು ದೊಡ್ಡ ಊರಲ್ಲಿ ಕೂತರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡೋಣ ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಅದು ನಡೆಯಿತು. ಆ ಮಾದರಿಯನ್ನೇ 1996ರಲ್ಲಿ ದೇಶದ ಕಾರ್ಯಕ್ರಮವಾಗಿ ತೆಗೆದುಕೊಂಡರು. ಆಗ ದಾವಣಗೆರೆ ಇನ್ನೂ ಜಿಲ್ಲೆಯೇ ಆಗಿರಲಿಲ್ಲ. ದೆಹಲಿಯವರು ಮೇಲಿಂದ ಇಳಿಸಿದ ಯೋಜನೆ ಅಂತ ಯಾರಾದರೂ ಅಂದರೆ ನಾನು ಬಳ್ಳಾರಿ ಕಥೆ ಹೇಳುತ್ತೇನೆ. ಮೊಳಕಾಲ್ಮೂರಿನವರಿಗೆ ಆ ಮಾತು ಬೇಗ ಹಿಡಿಸುತ್ತದೆ.

ನಮ್ಮ ರಾಜ್ಯದಲ್ಲಿ ಇದರ ಜೊತೆಗೆ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಮಂಗಳವಾರಗಳಲ್ಲಿ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೇ ಬರುವ ಏರ್ಪಾಡು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಹೊರಡಿ.

ಅಂಥ ಒಂದು ಮಂಗಳವಾರ ನಾನೂ ಒಬ್ಬರನ್ನು ಕರೆದುಕೊಂಡು ಒಂದು ತಾಲೂಕು ಆಸ್ಪತ್ರೆಗೆ ಹೋಗಿದ್ದೆ. ಮೆಕ್ಕೆಜೋಳದ ರೈತರು, ಐವತ್ತರ ಹತ್ತಿರದ ವಯಸ್ಸು. ನಿದ್ದೆ ಇಲ್ಲ, ಊಟ ಸೇರಲ್ಲ, ‘ಗ್ಯಾಸ್ ಆಗಿರಬೇಕು ಮೇಷ್ಟ್ರೆ’ ಅಂತಿದ್ದರು. ಚೀಟಿ ಮಾಡಿಸಿದ ಮೇಲೆ ಯಾವ ರೂಮು ಅಂತ ಕೇಳಿದೆ. ಕೌಂಟರಿನವರು ಅಲ್ಲಿಂದಲೇ ಜೋರಾಗಿ, ‘ತಲೆ ಡಾಕ್ಟ್ರಾ? ಆ ಕೊನೇ ರೂಮು’ ಅಂದರು. ಸಾಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಟ್ಟರು. ವಾಪಸ್ ಒಳಗೆ ಕರೆತರಲು ಎರಡು ಟೀ, ಮುಕ್ಕಾಲು ಗಂಟೆ ಬೇಕಾಯಿತು. ಒಳಗೆ ಡಾಕ್ಟರು ಒಳ್ಳೆಯವರು, ಇಪ್ಪತ್ತು ನಿಮಿಷ ಕೂತು ಕೇಳಿದರು. ಆದರೆ ಆ ಬಾಗಿಲ ಮೇಲೆ ಒಂದು ಬೋರ್ಡ್ ಇದ್ದಿದ್ದರೆ ಈ ಪಾಡು ಇರುತ್ತಿರಲಿಲ್ಲ. ಕಾರ್ಯತಂತ್ರದಲ್ಲಿ ‘ಕಳಂಕ ಹೋಗಲಾಡಿಸುವುದು’ ಅಂತ ದೊಡ್ಡದಾಗಿ ಇದೆ. ನನ್ನ ಕೇಳಿದರೆ ಅದು ಚೀಟಿ ಕೊಡುವ ಕೌಂಟರಿನಿಂದ ಶುರುವಾಗಬೇಕು.

14416ಕ್ಕೆ ಫೋನ್ ಮಾಡಿದರೆ ಏನಾಗುತ್ತೆ?

ಇದರ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ ಶುರುವಾಯಿತು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಮೊದಲು ಭಾಷೆ ಆರಿಸಿಕೊಳ್ಳಲು ಹೇಳುತ್ತದೆ. ಆಮೇಲೆ ತರಬೇತಾದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ಅವರಿಗೆ ಮೀರಿದ್ದು ಅನ್ನಿಸಿದರೆ ಮನೋವೈದ್ಯರಿಗೋ ಜಿಲ್ಲೆಯ ತಂಡಕ್ಕೋ ದಾಟಿಸುತ್ತಾರೆ.

‘ನನಗಲ್ಲ, ನನ್ನ ತಮ್ಮನಿಗೆ’ ಅಂತಲೂ ಮಾಡಬಹುದು. ಬಹಳ ಜನಕ್ಕೆ ಇದು ಗೊತ್ತಿಲ್ಲ. ಸಾಯುವ ಯೋಚನೆ ಬಂದಾಗಲೇ ಮಾಡಬೇಕು ಅಂತಲೂ ಇಲ್ಲ. ನಿದ್ದೆ ಕೆಟ್ಟಿದೆ, ಕುಡಿತ ಜಾಸ್ತಿಯಾಗಿದೆ, ಪರೀಕ್ಷೆ ಭಯ ಅಂದರೂ ಸಾಕು.

ಮಕ್ಕಳ ವಿಷಯಕ್ಕೆ 1098, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕೆ 181, ಈಗಲೇ ಯಾರಾದರೂ ಬರಬೇಕು ಅಂದರೆ 112.

ರೈತರೇ ಜಾಸ್ತಿ ಅಲ್ವಾ?

ಪೇಪರಲ್ಲಿ ಹಾಗೆ ಕಾಣುತ್ತದೆ. 2022ರ ಲೆಕ್ಕದಲ್ಲಿ ಕೃಷಿಯಲ್ಲಿದ್ದವರು, ಅಂದರೆ ರೈತರು, ಕೃಷಿ ಕೂಲಿಗಳು ಸೇರಿ 11,290. ಗೃಹಿಣಿಯರು 25,309. ದಿನಗೂಲಿಯವರು ಒಟ್ಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಕಾರಣ ಅಂತ ಬರೆದಿರುವುದರಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗೆ, ಶೇ. 31.7. ಎರಡನೆಯದು ಕಾಯಿಲೆ, ಶೇ. 18.4.

ರೈತರ ಕಷ್ಟ ಚಿಕ್ಕದು ಅಂತ ನಾನು ಹೇಳುತ್ತಿಲ್ಲ. ಕೊಳವೆಬಾವಿ ಬತ್ತಿದ ಅಡಿಕೆ ತೋಟ ನೋಡಿದವರಿಗೆ, ಈರುಳ್ಳಿಗೆ ರೇಟು ಬಿದ್ದ ವರ್ಷ ಚಳ್ಳಕೆರೆ, ಹಿರಿಯೂರು ಕಡೆ ಓಡಾಡಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯೊಳಗೆ ಬಾಯಿ ಮುಚ್ಚಿಕೊಂಡು ಇರುವ ಹೆಣ್ಣುಮಕ್ಕಳ ಬಗ್ಗೆ ಯಾವ ಪಕ್ಷದವರೂ ಧರಣಿ ಕೂರಲ್ಲ.

ಈ ಲೆಕ್ಕಗಳನ್ನು ನಂಬಬಹುದಾ?

ನಂಬಿ, ಆದರೆ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿ ಇರುತ್ತದೆ ಅಂತಲೇ ಇಟ್ಟುಕೊಳ್ಳಿ. ಕೇಂದ್ರ ಗೃಹ ಸಚಿವಾಲಯದ ಅಪರಾಧ ದಾಖಲೆ ಬ್ಯೂರೊ ಠಾಣೆಗಳಿಂದ ಬಂದಿದ್ದನ್ನು ಕೂಡಿಸುತ್ತದೆ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ಆಗದಿದ್ದರೆ ಅದು ಲೆಕ್ಕದಲ್ಲೇ ಇಲ್ಲ. ಎಷ್ಟೋ ಮನೆಗಳಲ್ಲಿ ‘ಹೊಟ್ಟೆನೋವು ಬಂದು ಹೋದಳು’ ಅಂತ ಮುಗಿಸುತ್ತಾರೆ. ಅದಕ್ಕೇ ಕಾರ್ಯತಂತ್ರದ ಮೊದಲ ಗಡುವು ಲೆಕ್ಕಕ್ಕೆ. ಕರ್ನಾಟಕದ್ದು 2022ರಲ್ಲಿ 13,606, ದೇಶದಲ್ಲಿ ನಾಲ್ಕನೇ ಸ್ಥಾನ.

ಹೊಲಕ್ಕೆ ಹೊಡೆಯುವ ಔಷಧಕ್ಕೂ ಈ ಯೋಜನೆಗೂ ಏನು ಸಂಬಂಧ?

ನಮ್ಮಲ್ಲಿ ಕೀಟನಾಶಕಕ್ಕೂ ‘ಔಷಧ’ ಅಂತಲೇ ಹೆಸರು. ಔಷಧ ಅಂಗಡಿ ಅಂದರೆ ಯಾವುದು ಅಂತ ಮತ್ತೆ ಕೇಳಬೇಕು.

ಸಂಬಂಧ ಬಹಳ ಇದೆ. ಸಾಯಬೇಕು ಅನ್ನೋ ತೀವ್ರ ಘಳಿಗೆ ಹೆಚ್ಚಿನವರಲ್ಲಿ ತುಂಬ ಹೊತ್ತು ಇರಲ್ಲ. ಅದು ಅಲೆ ಥರ ಬಂದು ಇಳಿಯುತ್ತದೆ. ಆ ಹೊತ್ತಿಗೆ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ‘ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕ್ತಾರೆ ಬಿಡಿ’ ಅಂತ ಜನ ಹೇಳುವುದು ಹೆಚ್ಚಿನ ಸಲ ಸುಳ್ಳಾಗಿದೆ. ಶ್ರೀಲಂಕಾ ನೋಡಿ. ಅಲ್ಲಿಯ ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. 1995ರಿಂದ 2015ರ ನಡುವೆ ಅಲ್ಲಿ ಆತ್ಮಹತ್ಯೆ ದರ ಸುಮಾರು ಶೇ. 70ರಷ್ಟು ಇಳಿಯಿತು. ಅಪಾಯಕಾರಿ ಕೀಟನಾಶಕಗಳನ್ನು ಹಂತ ಹಂತವಾಗಿ ತೆಗೆಯಬೇಕು ಅಂತ ನಮ್ಮ ಕಾರ್ಯತಂತ್ರವೂ ಹೇಳುತ್ತದೆ.

ನಿಷೇಧ ಆಗುವವರೆಗೆ ಕಾಯಬೇಕಾಗಿಲ್ಲ. ಚನ್ನಗಿರಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅತ್ತೆ ಸೊಸೆ ಮಾಡಿದ್ದು ಹೇಳುತ್ತೇನೆ. ಮನೆ ಯಜಮಾನರು ಎರಡು ತಿಂಗಳಿಂದ ಮಂಕಾಗಿದ್ದರು. ಅತ್ತೆ ಅಟ್ಟದ ಮೇಲಿದ್ದ ಹಳೇ ಟ್ರಂಕು ಇಳಿಸಿ, ಹೊಡೆದು ಮಿಕ್ಕಿದ್ದನ್ನೆಲ್ಲ ಅದರೊಳಗಿಟ್ಟು ಬೀಗ ಹಾಕಿದರು. ಟ್ರಂಕು ಮೈದುನನ ಮನೆಗೆ ಹೋಯಿತು. ಬೀಗದ ಕೈ ಸೊಸೆಯ ತಾಳಿ ಸರದ ಪಿನ್ನಿಗೆ. ಇಷ್ಟೇ. ಯಾರೂ ದೊಡ್ಡ ಮಾತು ಆಡಲಿಲ್ಲ, ಯಜಮಾನರಿಗೆ ಬೈಯಲಿಲ್ಲ. ಬೇಕಾದಷ್ಟೇ ತನ್ನಿ, ಮಿಗಿಸಬೇಡಿ, ಮಿಕ್ಕರೆ ಮನೆಯಲ್ಲಿ ಇಡಬೇಡಿ.

ಮಕ್ಕಳಿಗೆ, ಪಿಯು ಹುಡುಗರಿಗೆ ಏನಿದೆ?

ದಾವಣಗೆರೆ ಅಂದರೆ ಬೆಣ್ಣೆ ದೋಸೆ ಆದಮೇಲೆ ಕಾಲೇಜು, ಕೋಚಿಂಗು, ಹಾಸ್ಟೆಲ್ಲು. ರಿಸಲ್ಟ್ ಬಂದ ವಾರ ಪಿ.ಬಿ. ರಸ್ತೆ ತುಂಬ ರ‍್ಯಾಂಕ್ ಬಂದವರ ಫ್ಲೆಕ್ಸ್. ಬಾರದವರು ಅದೇ ರಸ್ತೆಯಲ್ಲಿ ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ.

2022ರಲ್ಲಿ ದೇಶದಲ್ಲಿ ಹೀಗೆ ತೀರಿಕೊಂಡ ವಿದ್ಯಾರ್ಥಿಗಳು 13,044. ಶಾಲೆಗಳಿಗೆ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2023ರಲ್ಲಿ ‘ಉಮ್ಮೀದ್’ ಕರಡು ಮಾರ್ಗಸೂಚಿ ತಂದಿತು. ಕಾಲೇಜು ವಿದ್ಯಾರ್ಥಿಗಳ ಸಾವಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ಮಾಡಿತು. ಅದೇ ವರ್ಷ ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ ಇನ್ನೂ ಬಿಗಿಯಾದ ಸೂಚನೆ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ಅರ್ಹ ಆಪ್ತ ಸಮಾಲೋಚಕರೊಬ್ಬರು ಇರಬೇಕು. ಅಂಕ ನೋಡಿ ಬ್ಯಾಚ್ ಬೇರೆ ಮಾಡಬಾರದು. ಎಲ್ಲರ ಮುಂದೆ ಅವಮಾನ ಮಾಡಬಾರದು. ಕೋಚಿಂಗ್ ಸೆಂಟರುಗಳಿಗೂ ಇದು ಅನ್ವಯ. ಅಡ್ಮಿಷನ್ ಮಾಡಿಸುವಾಗ ಫೀಸು, ಹಾಸ್ಟೆಲ್ ಊಟ ಕೇಳುತ್ತೀರಲ್ಲ, ‘ನಿಮ್ಮ ಕೌನ್ಸೆಲರ್ ಯಾರು, ಯಾವ ದಿನ ಇರ್ತಾರೆ’ ಅಂತಲೂ ಕೇಳಿ.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಪಾಠ ಮಾಡುತ್ತಿದ್ದ ಕಡೆ ಟೆಸ್ಟ್ ಮುಗಿದ ಮೇಲೆ ಕಡಿಮೆ ಅಂಕದವರ ಹೆಸರನ್ನು ಕೆಂಪು ಸೀಮೆಸುಣ್ಣದಲ್ಲಿ ಬೋರ್ಡಿನ ಮೂಲೆಗೆ ಬರೆಯುತ್ತಿದ್ದೆವು. ನಾನೇ ಬರೆದಿದ್ದೇನೆ, ವರ್ಷಗಟ್ಟಲೆ. ಒಬ್ಬ ಹುಡುಗ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ತನ್ನ ಹೆಸರು ಒರೆಸುತ್ತಿದ್ದ. ಅದು ತುಂಟಾಟ ಅಂದುಕೊಂಡು ಅವನಿಗೆ ಇನ್ನೂ ಬೈದಿದ್ದೆ. ಈಗ ಅವನು ಚೆನ್ನಾಗಿದ್ದಾನೆ, ಸಿಕ್ಕಾಗ ಮಾತಾಡಿಸುತ್ತಾನೆ. ಆದರೂ ಆ ಒರೆಸಿದ ಗುರುತು ಕಣ್ಣಿಗೆ ಕಟ್ಟಿದೆ.

‘ಸಾಯ್ತೀನಿ’ ಅನ್ನೋರು ಸಾಯಲ್ಲ ಅಂತಾರಲ್ಲ?

ಬೊಗಳುವ ನಾಯಿ ಕಚ್ಚಲ್ಲ ಅನ್ನೋ ಗಾದೆಯನ್ನು ಇಲ್ಲಿಗೆ ತಂದು ಹಾಕಬೇಡಿ. ತೀರಿಕೊಂಡವರಲ್ಲಿ ಬಹಳ ಜನ ಮುಂಚೆಯೇ ಯಾರಿಗಾದರೂ ಸುಳಿವು ಕೊಟ್ಟಿರುತ್ತಾರೆ. ‘ನನ್ನಿಂದ ಎಲ್ರಿಗೂ ತೊಂದ್ರೆ’, ‘ಇನ್ನು ಸ್ವಲ್ಪ ದಿನ ಅಷ್ಟೆ’. ಸುಮ್ಮನಿದ್ದವರು ಇದ್ದಕ್ಕಿದ್ದಂತೆ ಸಾಲ ಚುಕ್ತಾ ಮಾಡುವುದು, ಪ್ರೀತಿಯ ವಸ್ತು ಯಾರಿಗೋ ಕೊಡುವುದು, ಇವನ್ನೂ ಗಮನಿಸಿ.

ಆಗ ನೇರವಾಗಿ ಕೇಳಿ. ‘ಅಣ್ಣ, ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ಲ. ಹೆಚ್ಚಿನವರಿಗೆ ಯಾರೋ ಕೇಳಿದರಲ್ಲ ಅಂತ ಉಸಿರು ಬರುತ್ತದೆ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ. ‘ಹೆಂಡ್ತಿ ಮಕ್ಕಳ ಮುಖ ನೋಡು’ ಅನ್ನಬೇಡಿ, ಅವರು ಆಗಲೇ ಸಾವಿರ ಸಲ ನೋಡಿರುತ್ತಾರೆ. ಕೂತು ಕೇಳಿ. ಒಬ್ಬರೇ ಇರಲು ಬಿಡಬೇಡಿ. 14416ಕ್ಕೆ ಅವರ ಪಕ್ಕದಲ್ಲೇ ಕೂತು ಫೋನ್ ಹಚ್ಚಿ.

ಕಾರ್ಯತಂತ್ರದ ಭಾಷೆಯಲ್ಲಿ ಹೀಗೆ ಗುರುತಿಸಿ ಕೈ ಹಿಡಿಯುವವರಿಗೆ ‘ದ್ವಾರಪಾಲಕರು’ ಅಂತ ಹೆಸರು. ಆಶಾ, ಅಂಗನವಾಡಿಯವರು, ಮೇಷ್ಟ್ರುಗಳು. ಕೇಳಲು ದೇವಸ್ಥಾನದ ಕಲ್ಲಿನ ಗೊಂಬೆ ನೆನಪಾಗುತ್ತದೆ. ಇರಲಿ, ಕೆಲಸ ಒಳ್ಳೆಯದು.

ಸಂಘದ ಸಾಲ, ಫೈನಾನ್ಸ್‌ನವರ ಕಾಟಕ್ಕೆ ಏನು ದಾರಿ?

ಇದು ಆರೋಗ್ಯ ಇಲಾಖೆಯಿಂದ ಆಗುವ ಕೆಲಸವಲ್ಲ. ಆದರೆ ಮಾತ್ರೆ ಕೊಟ್ಟು ಕಳಿಸಿದವರ ಮನೆ ಮುಂದೆ ಸಂಜೆ ವಸೂಲಿಯವರು ಕುರ್ಚಿ ಹಾಕಿಕೊಂಡು ಕೂತರೆ ಆ ಮಾತ್ರೆ ಏನು ಮಾಡೀತು? ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ರಿಸರ್ವ್ ಬ್ಯಾಂಕಿನ ನಿಯಮದಲ್ಲೂ ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ದೂರು ಕೊಡಬೇಕಾದ್ದು ಪೊಲೀಸ್ ಠಾಣೆಗೆ. ಒಬ್ಬರೇ ಹೋಗಬೇಡಿ, ಸಂಘದವರು ನಾಲ್ಕು ಜನ ಸೇರಿ ಹೋಗಿ.

ತೀರಿಕೊಂಡ ರೈತರ ಮನೆಗೆ ಪರಿಹಾರ ಎಷ್ಟು?

ರಾಜ್ಯದಲ್ಲಿ ವ್ಯವಸ್ಥೆ ಇದೆ. ಉಪವಿಭಾಗಾಧಿಕಾರಿಗಳ ಸಮಿತಿ ನೋಡಿ ತೀರ್ಮಾನಿಸುತ್ತದೆ. ವಿವರಕ್ಕೆ ರೈತ ಸಂಪರ್ಕ ಕೇಂದ್ರಕ್ಕೋ ತಾಲೂಕು ಕಚೇರಿಗೋ ಹೋಗಿ. ಮೊತ್ತವನ್ನು ನಾನು ಬೇಕೆಂದೇ ಬರೆದಿಲ್ಲ. ರಾತ್ರಿ ಒಬ್ಬರೇ ಕೂತು ಸಾಲದ ಲೆಕ್ಕ ಹಾಕುವವರ ಕಣ್ಣಿಗೆ ಆ ಅಂಕಿ ಬೀಳುವುದು ಬೇಡ.

ಪೇಪರ್, ವಾಟ್ಸಾಪ್‌ನಲ್ಲಿ ಹೇಗೆ ಬರೆಯಬೇಕು?

ಹೇಗೆ ಮಾಡಿಕೊಂಡರು ಅನ್ನೋ ವಿವರ, ಬರೆದಿಟ್ಟ ಚೀಟಿ, ಸ್ಥಳದ ಫೋಟೊ ಇವೇನೂ ಬೇಡ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಪತ್ರಿಕೆಗಳು ಸ್ವಲ್ಪ ಸುಧಾರಿಸಿವೆ. ನಮ್ಮ ಊರಿನ ಗ್ರೂಪುಗಳು ಸುಧಾರಿಸಿಲ್ಲ. ಫೋಟೊ ಬಂದರೆ ಅಳಿಸಿ, ಕಳಿಸಿದವರಿಗೆ ಬೇರೆಯಾಗಿ ಒಂದು ಮಾತು ಹೇಳಿ.

ಆರೋಗ್ಯ ವಿಮೆ ಸಿಗುತ್ತಾ?

ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. 2017ರ ಕಾಯ್ದೆಯ 21ನೇ ಕಲಮು. ಏಜೆಂಟ್ ಇಲ್ಲ ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ.

ನಮ್ಮ ಊರಿನವರು ಏನು ಮಾಡಬಹುದು?

ಗ್ರಾಮಸಭೆಯಲ್ಲಿ ಕೇಳಿ. ರಸ್ತೆ, ಚರಂಡಿ ಆದಮೇಲೆ ಎದ್ದು ನಿಂತು ಮೂರೇ ಪ್ರಶ್ನೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ? ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತಾ? 2027ರ ಗಡುವಿಗೆ ಜಿಲ್ಲೆಯಲ್ಲಿ ಏನೇನು ಬಾಕಿ ಇದೆ? ಮೂರನೆಯದಕ್ಕೆ ಯಾರ ಹತ್ತಿರವೂ ಉತ್ತರ ಇರಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆಯುತ್ತೇವೆ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಪತ್ರದ ಪ್ರತಿ ಇಸಿದುಕೊಳ್ಳಿ.

ಹೊಳಲ್ಕೆರೆ ಕಡೆಯ ಒಂದು ಸಭೆಯಲ್ಲಿ ಸಂಘದ ಅಕ್ಕ ಒಬ್ಬರು ಹೀಗೇ ಕೇಳಿದರು. ಹಿಂದೆ ಕೂತಿದ್ದ ಹುಡುಗರು ನಕ್ಕರು. ಮುಂದಿನ ತಿಂಗಳು ನಾನು ಅಲ್ಲಿಗೆ ಹೋದಾಗ ಪಂಚಾಯ್ತಿ ಗೋಡೆ ಮೇಲೆ, ಕಂದಾಯದ ನೋಟಿಸಿನ ಪಕ್ಕ, ಯಾರೋ ನೀಲಿ ಪೇಂಟಿನಲ್ಲಿ 14416 ಅಂತ ಬರೆಸಿದ್ದರು. ಕೆಳಗೆ ಚಿಕ್ಕದಾಗಿ ‘ಮಂಗಳವಾರ, ಆಧಾರ್ ಕಾರ್ಡ್ ತನ್ನಿ’ ಅಂತ ಇತ್ತು. ಆಧಾರ್ ಯಾಕೆ ಬೇಕು ಅಂತ ಕೇಳಿದೆ. ‘ಇರ್ಲಿ ಬಿಡಿ ಮೇಷ್ಟ್ರೆ, ಎಲ್ಲದಕ್ಕೂ ಕೇಳ್ತಾರಲ್ಲ’ ಅಂದರು ಬಿಲ್ ಕಲೆಕ್ಟರ್.